ಗೋಡೆಯ ಮೇಲೆ ಹೆಸರು ಬರೆಯುವ ಮೊದಲು

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿನಿಂದ ವಿಜಯಪುರಕ್ಕೆ ಪ್ರವಾಸ ಹೋಗಿದ್ದು ನಿಮಗೆಲ್ಲ ನೆನಪಿರಬಹುದು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಲು ಮೂಲೆಯ ಗೋಪುರದ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಇಕ್ಕಟ್ಟು, ಬೆಳಕು ಕಡಿಮೆ. ಅಲ್ಲೊಂದು ತಿರುವಿನಲ್ಲಿ ನನ್ನ ಗೆಳೆಯನೊಬ್ಬ ಬೈಕಿನ ಕೀ ತೆಗೆದು ಗೋಡೆಯ ಮೇಲೆ ತನ್ನ ಹೆಸರು ಕೆತ್ತಿದ. ನಾನು ಬೇಡ ಅನ್ನಲಿಲ್ಲ. ಗಾರ್ಡ್ ಬರುತ್ತಾರೇನೋ ಎಂದು ಕೆಳಗೆ ನೋಡುತ್ತ ನಿಂತಿದ್ದೆ. ಅಂದರೆ ಆ ಹೆಸರಿನಲ್ಲಿ ನನ್ನ ಪಾಲೂ ಇದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಈ ಮಾತು ಬಂತು. "ಅಷ್ಟೊಂದು ಹೆಸರುಗಳ ನಡುವೆ ಇನ್ನೊಂದು ಹೆಸರು, ಏನಾಯ್ತು?" ಎಂದ ಒಬ್ಬ. "ನಮ್ಮವರೇ ಕಟ್ಟಿಸಿದ್ದು ಕಣೋ, ನಾವು ಬರೆಯದೆ ಇನ್ಯಾರು ಬರೆಯಬೇಕು?" ಎಂದ ಇನ್ನೊಬ್ಬ. ಎಲ್ಲರೂ ನಕ್ಕೆವು.

ನನ್ನ ಅಬ್ಬಾ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ತಮಾಷೆಯ ಸಂಗತಿಯಂತೆ ಹೇಳಿದೆ. ಅಬ್ಬಾ ನಗಲಿಲ್ಲ, ಬೈಯಲೂ ಇಲ್ಲ. "ಎಷ್ಟು ಆಳ ಹೋಗಿದೆ?" ಎಂದು ಮಾತ್ರ ಕೇಳಿದರು. ನನಗೆ ಅರ್ಥವಾಗಲಿಲ್ಲ. ಈಗಿನ ಮನೆಯ ಗೋಡೆ ಗೀಚಿದರೆ ಪುಟ್ಟಿ ಹಾಕಿ ಉಜ್ಜಿ ಬಣ್ಣ ಹೊಡೆಯಬಹುದು, ಹಳೆಯ ಗಾರೆಯ ಗೋಡೆಗೆ ಹಾಗೆ ಮಾಡಲಾಗುವುದಿಲ್ಲ, ಅದನ್ನು ಸರಿಮಾಡುವವನಿಗೆ ನಿಮ್ಮ ಒಂದು ನಿಮಿಷದ ಆಟ ಒಂದು ದಿನದ ಕೆಲಸ ಎಂದರು. ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ: ಪ್ರಪಂಚದ ದೊಡ್ಡ ದೊಡ್ಡ ಸ್ಮಾರಕಗಳನ್ನು ಸರಿಮಾಡುತ್ತಿರುವವರು ಯಾರು?

ನಾವು ವಾಣಿಜ್ಯ ವಿದ್ಯಾರ್ಥಿಗಳು. ಲೆಕ್ಕಶಾಸ್ತ್ರದಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂದು ಎರಡು ಓದಿದ್ದೇವೆ. ಕಟ್ಟಡ ಕಟ್ಟಿಸಿದ ಖರ್ಚು ಬಂಡವಾಳ ವೆಚ್ಚ. ಪ್ರತಿ ವರ್ಷದ ರಿಪೇರಿ, ಸುಣ್ಣಬಣ್ಣ ರಾಜಸ್ವ ವೆಚ್ಚ. ಇತಿಹಾಸದ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಬಂಡವಾಳ ವೆಚ್ಚ ಮಾತ್ರ ಇರುತ್ತದೆ. ಕಟ್ಟಿಸಿದ್ದು ಯಾರು, ಯಾವ ಇಸವಿ, ಎಷ್ಟು ಎತ್ತರ. ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಾರೆ. ಆಮೇಲಿನ ನೂರಾರು ವರ್ಷ ಅದನ್ನು ಬೀಳದಂತೆ ನೋಡಿಕೊಂಡವರ ಖಾತೆಯನ್ನು ಯಾರೂ ಬರೆಯುವುದಿಲ್ಲ. ಆದರೆ ಸವಕಳಿ ಇಲ್ಲದ ಕಟ್ಟಡ ಯಾವುದೂ ಇಲ್ಲ. ರಾಜಸ್ವ ವೆಚ್ಚ ನಿಂತ ದಿನದಿಂದ ಅರಮನೆಯೂ ಪಾಳು ಬೀಳಲು ಶುರುವಾಗುತ್ತದೆ.

ಪ್ಯಾರಿಸ್‌ನ ಐಫೆಲ್ ಗೋಪುರವನ್ನು ತೆಗೆದುಕೊಳ್ಳಿ. 1889ರಲ್ಲಿ ಅದನ್ನು ಕಟ್ಟಿದಾಗ ಇಪ್ಪತ್ತು ವರ್ಷ ನಿಲ್ಲಿಸಲು ಮಾತ್ರ ಅನುಮತಿ ಇತ್ತು. ಆಮೇಲೆ ರೇಡಿಯೋ ಸಂಪರ್ಕಕ್ಕೆ ಉಪಯೋಗಕ್ಕೆ ಬಂದದ್ದರಿಂದ ಅದು ಉಳಿಯಿತು. ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಕಬ್ಬಿಣ ಉಳಿಯುವುದಿಲ್ಲ, ತುಕ್ಕು ಹಿಡಿಯುತ್ತದೆ. ಹಾಗಾಗಿ ಸರಿಸುಮಾರು ಏಳು ವರ್ಷಕ್ಕೊಮ್ಮೆ ಇಡೀ ಗೋಪುರಕ್ಕೆ ಹೊಸದಾಗಿ ಬಣ್ಣ ಹೊಡೆಯುತ್ತ ಬಂದಿದ್ದಾರೆ. ಒಂದು ಸಲಕ್ಕೆ ಸುಮಾರು 60 ಟನ್ ಬಣ್ಣ ಬೇಕು. ಬಣ್ಣಗಾರರು ಹಗ್ಗ ಕಟ್ಟಿಕೊಂಡು, ಕೈಯಲ್ಲಿ ಬ್ರಷ್ ಹಿಡಿದು, ಒಂದೊಂದು ಕಂಬಿಯನ್ನೂ ಉಜ್ಜಿ ಬಣ್ಣ ಬಳಿಯುತ್ತಾರೆ. ಕೆಳಗಿನಿಂದ ನೋಡಿದರೆ ಒಂದೇ ಬಣ್ಣದಂತೆ ಕಾಣಲಿ ಎಂದು ಕೆಳಭಾಗಕ್ಕೆ ಗಾಢ, ಮೇಲ್ಭಾಗಕ್ಕೆ ತಿಳಿ ಛಾಯೆ ಹಚ್ಚುವ ರೂಢಿಯೂ ಇದೆ.

ಇದನ್ನು ಅಬ್ಬಾಗೆ ಓದಿ ಹೇಳಿದೆ. "ಪೈಲೆ ಘಿಸ್ನಾ, ಬಾದ್ ರಂಗ್" ಎಂದರು. ಮೊದಲು ಉಜ್ಜಬೇಕು, ಆಮೇಲೆ ಬಣ್ಣ. ಪ್ಯಾರಿಸ್‌ನಲ್ಲಾದರೂ ನಮ್ಮ ಮೊಹಲ್ಲಾದಲ್ಲಾದರೂ ಕೆಲಸ ಒಂದೇ ಎಂದು ಅವರಿಗೆ ಖುಷಿಯಾಯಿತು. ಗೋಪುರಕ್ಕೆ ಗುಸ್ತಾವ್ ಐಫೆಲ್ ಅವರ ಹೆಸರಿದೆ. ಬ್ರಷ್ ಹಿಡಿದವರ ಹೆಸರು ನಮಗೆ ಗೊತ್ತಿಲ್ಲ. ಆದರೆ ಆ ಬಣ್ಣ ಇಲ್ಲದಿದ್ದರೆ ಇವತ್ತು ಸೆಲ್ಫಿ ತೆಗೆಯಲು ಗೋಪುರವೇ ಇರುತ್ತಿರಲಿಲ್ಲ.

ಅದು ಶ್ರೀಮಂತ ದೇಶ, ಟಿಕೆಟ್ ದುಡ್ಡು ಬರುತ್ತದೆ, ಮಾಡುತ್ತಾರೆ ಎಂದು ನೀವು ಹೇಳಬಹುದು. ಹಾಗಾದರೆ ಆಫ್ರಿಕಾದ ಮಾಲಿ ದೇಶಕ್ಕೆ ಬನ್ನಿ. ಪ್ರಪಂಚದ ತೀರಾ ಬಡ ದೇಶಗಳಲ್ಲಿ ಅದೂ ಒಂದು. ಅಲ್ಲಿನ ಜೆನ್ನೆ ಎಂಬ ಊರಿನಲ್ಲಿ ಪೂರ್ತಿ ಮಣ್ಣಿನಿಂದಲೇ ಕಟ್ಟಿದ ದೊಡ್ಡ ಜಾಮಿಯಾ ಮಸೀದಿ ಇದೆ. ಈಗಿರುವ ಕಟ್ಟಡ 1907ರದ್ದು. ಹಳೆಯ ಜೆನ್ನೆ ಊರು 1988ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಮಣ್ಣಿನ ಗೋಡೆಗೆ ಮಳೆಯೇ ಶತ್ರು. ಅದಕ್ಕೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇಡೀ ಊರು ಸೇರಿ ಮಸೀದಿಗೆ ಹೊಸ ಮಣ್ಣು ಮೆತ್ತುತ್ತದೆ.

ಅದರ ಸಿದ್ಧತೆ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ನದಿಯ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಕೊಳೆಯಲು ಬಿಡುತ್ತಾರೆ. ಮೆತ್ತುವ ದಿನ ಹುಡುಗರು ಬುಟ್ಟಿಗಳಲ್ಲಿ ಮಣ್ಣು ಹೊತ್ತು ಓಡುತ್ತಾರೆ, ಹೆಂಗಸರು ಮತ್ತು ಹುಡುಗಿಯರು ನೀರು ತರುತ್ತಾರೆ. ಯಾವ ಕೇರಿಯವರು ಮೊದಲು ಮುಗಿಸುತ್ತಾರೆ ಎಂದು ಪೈಪೋಟಿ ಇರುತ್ತದೆ. ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ಮರದ ತುಂಡುಗಳ ಸಾಲುಗಳನ್ನು ಫೋಟೋದಲ್ಲಿ ನೋಡಿದಾಗ ನಾನು ಅವು ಅಲಂಕಾರ ಅಂದುಕೊಂಡಿದ್ದೆ. ಗೋಡೆಗೆ ಮಣ್ಣು ಮೆತ್ತುವವರು ಹತ್ತಿ ನಿಲ್ಲುವುದು ಅವುಗಳ ಮೇಲೆಯೇ. ಅಂದರೆ ಕಟ್ಟುವಾಗಲೇ ರಿಪೇರಿ ಮಾಡುವವನಿಗೆ ಕಾಲಿಡಲು ಜಾಗ ಬಿಟ್ಟಿದ್ದಾರೆ. ಆ ಊರಿನ ಹಿರಿಯ ಮೇಸ್ತ್ರಿಗಳು ಕೆಲಸದ ಉಸ್ತುವಾರಿ ನೋಡುತ್ತಾರೆ. ಅಲ್ಲಿ ಹದಿನೇಳು ವರ್ಷದ ಹುಡುಗ ಮಸೀದಿಯ ಗೋಡೆಯ ಮೇಲೆ ಬಿಟ್ಟುಹೋಗುವ ಗುರುತು ತನ್ನ ಅಂಗೈಯದ್ದು, ಮಣ್ಣು ಮೆತ್ತಿದ ಅಂಗೈಯದ್ದು. ಮುಂದಿನ ವರ್ಷ ಅದೂ ಹೋಗುತ್ತದೆ, ಮತ್ತೆ ಮೆತ್ತುತ್ತಾನೆ.

ಇನ್ನು "ನಮ್ಮವರು ಕಟ್ಟಿಸಿದ್ದು" ಎಂಬ ಮಾತಿಗೆ ಬರೋಣ. ಈ ಮಾತನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಕೆಲವರು ಅದೇ ಮಾತನ್ನು "ನಿಮ್ಮವರು ಕಟ್ಟಿಸಿದ್ದು" ಎಂದು ನಮಗೆ ಚುಚ್ಚಲು ಹೇಳುತ್ತಾರೆ. ಎರಡನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ. ಗೋಳಗುಮ್ಮಟ ಮೊಹಮ್ಮದ್ ಆದಿಲ್‌ಶಾಹನ ಗೋರಿ. ಆತ ತೀರಿಕೊಂಡದ್ದು 1656ರಲ್ಲಿ. ಅದಕ್ಕೆ ನಾನು ಒಂದು ಕಲ್ಲೂ ಹೊತ್ತಿಲ್ಲ, ಒಂದು ಪೈಸೆಯೂ ಕೊಟ್ಟಿಲ್ಲ. ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಬಗ್ಗೆ ನಮ್ಮ ಸರ್ ಹೇಳಿದ ನಿಯಮ ನೆನಪಿದೆಯಲ್ಲ? ಹಣವನ್ನೋ ಹಣದ ಬೆಲೆಯುಳ್ಳದ್ದನ್ನೋ ಕೊಟ್ಟು ಪಡೆದ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತದೆ. ಏನೂ ಕೊಡದೆ ಹೇಳಿಕೊಳ್ಳುವ ಹೆಮ್ಮೆಯನ್ನು ನನ್ನ ಖಾತೆಯಲ್ಲಿ ಹೇಗೆ ತೋರಿಸಲಿ?

ಬೋಸ್ನಿಯಾ ದೇಶದ ಮೋಸ್ತಾರ್ ಎಂಬ ಊರಿನಲ್ಲಿ ನೆರೆತ್ವಾ ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಸೇತುವೆ ಇದೆ. ಒಂದೇ ಕಮಾನಿನ ಸೇತುವೆ. ಆಟೊಮನ್ ಆಳ್ವಿಕೆಯಲ್ಲಿ ಕಟ್ಟಿದ್ದು, ಮುಗಿದದ್ದು 1566ರಲ್ಲಿ. ನಾನೂರಕ್ಕೂ ಹೆಚ್ಚು ವರ್ಷ ಅದರ ಮೇಲೆ ಎಲ್ಲ ಧರ್ಮದ ಜನ ಓಡಾಡಿದರು. 1990ರ ದಶಕದ ಯುದ್ಧದಲ್ಲಿ ಅದೇ ಊರಿನಲ್ಲಿ ಕ್ರೊಯೇಟರೂ ಬೋಸ್ನಿಯಾದ ಮುಸ್ಲಿಮರೂ ಕಾದಾಡಿದರು. 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಯ ಫಿರಂಗಿ ದಾಳಿಗೆ ಸೇತುವೆ ಕುಸಿದು ನದಿಗೆ ಬಿತ್ತು. "ಅವರ" ಸೇತುವೆ ಎಂದುಕೊಂಡು ಹೊಡೆದವರೂ ಮರುದಿನದಿಂದ ಅದರ ಮೇಲೆ ನದಿ ದಾಟಲಾಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಯುದ್ಧ ನಿಂತ ಮೇಲೆ ಮುಳುಗುಗಾರರು ನದಿಯ ತಳದಿಂದ ಹಳೆಯ ಕಲ್ಲುಗಳನ್ನು ಎತ್ತಿದರು. ಆ ಪ್ರದೇಶದ್ದೇ ಕಲ್ಲು ಕಡಿದು, ಹಳೆಯ ವಿಧಾನದಲ್ಲಿಯೇ ಕೆತ್ತಿ, ಹಳೆಯ ಅಳತೆಯಲ್ಲೇ ಸೇತುವೆಯನ್ನು ಮತ್ತೆ ಕಟ್ಟಿದರು. ಯುನೆಸ್ಕೋ, ವಿಶ್ವ ಬ್ಯಾಂಕ್ ಜೊತೆ ಸೇರಿದವು. ಹಣ ಕೊಟ್ಟ ದೇಶಗಳಲ್ಲಿ ಟರ್ಕಿ, ಇಟಲಿಯ ಜೊತೆ ಕ್ರೊಯೇಷಿಯಾವೂ ಇತ್ತು. 2004ರ ಜುಲೈ 23ರಂದು ಸೇತುವೆ ಮತ್ತೆ ತೆರೆಯಿತು. ಸೇತುವೆ ಈಗ ಯಾರದ್ದು? ಐನೂರು ವರ್ಷದ ಹಿಂದೆ ಆಳಿದ ಸುಲ್ತಾನನದ್ದೋ, ಅದನ್ನು ಮತ್ತೆ ನಿಲ್ಲಿಸಿದವರದ್ದೋ? ನನಗೆ ಎರಡನೆಯ ಉತ್ತರವೇ ಸರಿ ಅನ್ನಿಸುತ್ತದೆ.

ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂಬ ಪದವಿದೆ. ಯಾರೋ ನಮ್ಮನ್ನು ನಂಬಿ ಇಟ್ಟುಹೋದ ವಸ್ತು ಅಮಾನತ್. ಅದು ನಮ್ಮ ಕೈಯಲ್ಲಿರುತ್ತದೆ, ಆದರೆ ನಮ್ಮದಲ್ಲ, ಹಾಗೆಯೇ ಹಿಂದಿರುಗಿಸಬೇಕು. ಕನ್ನಡಕ್ಕೆ ಬಂದು ಇದೇ ಪದ ಅಮಾನತು ಆಗಿ, ತಪ್ಪು ಮಾಡಿದವರನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು ಎಂಬ ಅರ್ಥ ಪಡೆದಿದೆ. ಮೊದಮೊದಲು ನನಗೆ ಇದು ಗೊಂದಲವಾಗುತ್ತಿತ್ತು. ಈಗ ಎರಡೂ ಅರ್ಥ ಒಟ್ಟಿಗೆ ಚೆನ್ನಾಗಿವೆ ಅನ್ನಿಸುತ್ತದೆ. ಅಮಾನತ್ ಕಾಯದವನು ಅಮಾನತಾಗಲಿ!

ಕಾನೂನೂ ಇದೆ. ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಭಯಕ್ಕೆ ನಿಲ್ಲುವ ಕೈ ಗಾರ್ಡ್ ಆಚೆ ಹೋದ ತಕ್ಷಣ ಮತ್ತೆ ಕೀ ತೆಗೆಯುತ್ತದೆ. ಅದನ್ನು ನಾನೇ ಕಾವಲು ನಿಂತು ನೋಡಿದ್ದೇನೆ.

ಅದಕ್ಕೆ ನನ್ನದು ಎರಡು ಸಲಹೆ. ಮೊದಲನೆಯದು ಉಪನ್ಯಾಸಕರಿಗೆ. ಮುಂದಿನ ಪ್ರವಾಸದ ವರದಿಯಲ್ಲಿ ಸ್ಮಾರಕವನ್ನು ಯಾರು ಕಟ್ಟಿಸಿದರು ಎಂಬುದರ ಜೊತೆಗೆ, ಅಲ್ಲಿ ನಾವು ಕಣ್ಣಾರೆ ಕಂಡ ಒಂದು ರಿಪೇರಿ ಕೆಲಸದ ಬಗ್ಗೆಯೂ ಬರೆಯಲು ಹೇಳಿ. ಹೊಸದಾಗಿ ಕೂರಿಸಿದ ಕಲ್ಲು, ತೇಪೆ ಹಾಕಿದ ಗಾರೆ, ಹುಲ್ಲು ಕೀಳುತ್ತಿದ್ದ ಅಜ್ಜಿ, ಯಾವುದಾದರೂ ಸರಿ. ಹುಡುಕಿದರೆ ಕಾಣುತ್ತದೆ. ಒಮ್ಮೆ ಕಂಡರೆ ಕೀ ಜೇಬಿನಲ್ಲೇ ಉಳಿಯುತ್ತದೆ.

ಎರಡನೆಯದು ನಮಗೇ, ವಿದ್ಯಾರ್ಥಿಗಳಿಗೆ. ನಮ್ಮ ತರಗತಿಯ ಬೆಂಚುಗಳನ್ನು ನೋಡಿ. ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಪರೀಕ್ಷೆಯ ಸೂತ್ರಗಳು. ಗೋಳಗುಮ್ಮಟದ ಗೋಡೆಗೆ ಹೋಗುವ ಕೈ ಅಭ್ಯಾಸ ಮಾಡುವುದು ಇಲ್ಲಿಯೇ. ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ಶನಿವಾರ ಮಧ್ಯಾಹ್ನ ನಾವೇ ಕೂತು ಬೆಂಚುಗಳನ್ನು ಉಜ್ಜಿ ಪಾಲಿಶ್ ಮಾಡೋಣ. ಪಾಲಿಶ್ ಕಾಗದ ಮತ್ತು ಬ್ರಷ್ ಕೊಡಲು, ಉಜ್ಜುವುದು ಹೇಗೆಂದು ತೋರಿಸಲು ಅಬ್ಬಾ ಒಪ್ಪಿದ್ದಾರೆ. ಹೆಸರು ಕೆತ್ತಿದ ನನ್ನ ಗೆಳೆಯನೂ ಬರುತ್ತೇನೆ ಎಂದಿದ್ದಾನೆ. ಪ್ರಾಂಶುಪಾಲರು ಅನುಮತಿ ಕೊಟ್ಟರೆ ಸಾಕು.

ಆದರೆ ಅಬ್ಬಾನ ಷರತ್ತು ನೆನಪಿರಲಿ. ಮೊದಲು ಉಜ್ಜಬೇಕು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ