ಮೆಜೆಸ್ಟಿಕ್ಕಿನ ನೆಲದಡಿಯ ಫಲಕ ಮತ್ತು ಗಡಿಯ ನಾವು



ತುರೋರಿ, ಉಮರ್ಗಾ, ನಿಲಂಗಾ, ಉದಗೀರದಿಂದ ಬೆಂಗಳೂರಿಗೆ ಹೋಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮಕ್ಕಳ ನೌಕರಿ, ಆಸ್ಪತ್ರೆ, ಸರ್ಕಾರಿ ಕೆಲಸ, ಹೀಗೆ ಒಂದಿಲ್ಲೊಂದು ಕಾರಣ. ಉದಗೀರದ ರೈಲಿನಲ್ಲಿ ಯಶವಂತಪುರಕ್ಕೆ ಇಳಿದವರು ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ಮೆಟ್ರೋದಲ್ಲಿ ಹೋಗಬೇಕಾದರೆ ಹಸಿರು ಮಾರ್ಗ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಇಳಿದು, ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಆ ನಿಲ್ದಾಣದ ಪೂರ್ಣ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. 2016ರ ಏಪ್ರಿಲ್‌ನಲ್ಲಿ ಅಲ್ಲಿ ನೇರಳೆ ಮಾರ್ಗ, 2017ರ ಜೂನ್‌ನಲ್ಲಿ ಹಸಿರು ಮಾರ್ಗ ಆರಂಭವಾದವು. ಎರಡೂ ನೆಲದಡಿಯಲ್ಲೇ, ಒಂದರ ಕೆಳಗೊಂದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ ಕೂಡುವವರೆಗೆ ಬೆಂಗಳೂರಿನಲ್ಲಿ ಮೆಟ್ರೋ ಬದಲಾಯಿಸಲು ಇದೊಂದೇ ಜಾಗವಿತ್ತು.

ನೆಲದ ಮೇಲೆ ದಾರಿ ತಪ್ಪಿದರೆ ಗುಡಿ, ಮರ, ಅಂಗಡಿ ಗುರುತಿಗೆ ಸಿಗುತ್ತವೆ. ನೆಲದಡಿಯಲ್ಲಿ ದಿಕ್ಕೇ ತಿಳಿಯುವುದಿಲ್ಲ. ಹಿಂದಿನವರ ನೂಕಿನಲ್ಲಿ ನಿಂತು ಕೇಳಲೂ ಆಗುವುದಿಲ್ಲ. ಅಲ್ಲಿ ಫಲಕ ಮತ್ತು ಧ್ವನಿ ಪ್ರಕಟಣೆಯೇ ಆಸರೆ. ಆದ್ದರಿಂದ ಅಲ್ಲಿನ ಭಾಷೆಯ ಪ್ರಶ್ನೆ ಬರೀ ಅಭಿಮಾನದ ಪ್ರಶ್ನೆಯಲ್ಲ.

2017ರಲ್ಲಿ ಮೆಟ್ರೋ ಫಲಕಗಳಲ್ಲಿ ಹಿಂದಿ ಬೇಡವೆಂದು ಕನ್ನಡ ಸಂಘಟನೆಗಳು ಹೋರಾಡಿದವು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಅಕ್ಷರಗಳನ್ನು ತೆಗೆಯಲಾಯಿತು. ಈಗ ಫಲಕಗಳು ಕನ್ನಡ ಮತ್ತು ಇಂಗ್ಲಿಷಿನಲ್ಲಿವೆ. ರಾಜ್ಯದ ಹಣವೂ ಸೇರಿದ ನಗರ ಸಾರಿಗೆಯಲ್ಲಿ ರಾಜ್ಯಭಾಷೆ ಮೊದಲು ಎಂಬುದು ನ್ಯಾಯವೇ.

ಆದರೆ ನಮ್ಮ ಗಡಿಯವರ ಸ್ಥಿತಿ ಬೇರೆ. 1956ರವರೆಗೆ ನಿಲಂಗಾ, ಉದಗೀರ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ಪುನರ್ವಿಂಗಡಣೆಯಲ್ಲಿ ಈ ಕಡೆ ಬಂದೆವು. ಮನೆಮಾತು ಕನ್ನಡ ಉಳಿಯಿತು, ಶಾಲೆ ಹೆಚ್ಚಿನವರಿಗೆ ಮರಾಠಿಯಾಯಿತು. ಹೀಗಾಗಿ ಕನ್ನಡವನ್ನು ಸರಾಗವಾಗಿ ಆಡುವ, ಓದಲು ಮಾತ್ರ ದೇವನಾಗರಿಯನ್ನೇ ಬಲ್ಲವರು ನಮ್ಮ ಮನೆಮನೆಯಲ್ಲಿದ್ದಾರೆ. ಅಂಥ ತಾಯಿಯೊಬ್ಬರು ಮೆಜೆಸ್ಟಿಕ್ಕಿನ ಫಲಕದ ಕೆಳಗೆ ನಿಂತರೆ, ಅದು ತಮ್ಮದೇ ಭಾಷೆಯಾದರೂ ಓದಲಾರರು.

ಇದಕ್ಕೆ ಹಿಂದಿ ಫಲಕ ಮತ್ತೆ ಬರಲಿ ಎನ್ನುವುದು ಪರಿಹಾರವಲ್ಲ. ಅಕ್ಷರ ಬಾರದವರಿಗೆ ಕನ್ನಡದ ಧ್ವನಿ ಪ್ರಕಟಣೆ ಮತ್ತು ಮಾರ್ಗದ ಬಣ್ಣ ಎರಡೂ ನೆರವಾಗುತ್ತವೆ. ಪ್ರಕಟಣೆ ಗದ್ದಲದಲ್ಲೂ ಸ್ಪಷ್ಟವಾಗಿ ಕೇಳಿಸಲಿ ಎಂದು ಮೆಟ್ರೋ ನಿಗಮವನ್ನು ನಾವು ಕೇಳಬಹುದು. ಇನ್ನುಳಿದದ್ದು ನಮ್ಮ ಕಡೆಯ ಕೆಲಸ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಬೆಂಗಳೂರಿನ ಫಲಕದಲ್ಲಿ ಕನ್ನಡ ಇರಬೇಕು ಎನ್ನುವ ನಾವು, ಮಹಾರಾಷ್ಟ್ರ ಸರ್ಕಾರದ ಮುಂದೆ ಗಡಿಯ ಕನ್ನಡ ಶಾಲೆಗಳಿಗೆ ಶಿಕ್ಷಕರು, ಪುಸ್ತಕ ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಇದರಲ್ಲಿ ಮರಾಠಿಯ ಮೇಲೆ ದ್ವೇಷವೇನಿಲ್ಲ. ಅದು ನಮಗೆ ಅನ್ನ ಕೊಟ್ಟ ಭಾಷೆ.

ಬೇಸಿಗೆ ರಜೆಯಲ್ಲಿ ಸಂಘದಿಂದ ಕನ್ನಡ ಅಕ್ಷರ ವರ್ಗ ನಡೆಸಬೇಕೆಂಬ ಸೂಚನೆಯನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಮಕ್ಕಳ ಜೊತೆಗೆ ಹಿರಿಯರೂ ಕೂಡಬಹುದು. ಕಲಿಸಲು ಬರುವ ನಿವೃತ್ತ ಶಿಕ್ಷಕರು ದಯವಿಟ್ಟು ಹೆಸರು ಕೊಡಿ.

— ಕಾರ್ಯದರ್ಶಿ