ಮನೆವಾರ್ತೆ: ಹಾಯಿನೌಕೆಯ ಕಿಟಕಿಯೂ ನಮ್ಮ ಮನೆಯ ಕಿಟಕಿಯೂ

ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ನಿಂತು ಬಂದರಿನ ಕಡೆ ಕಣ್ಣು ಹಾಯಿಸಿದವರು ಲಂಗರು ಹಾಕಿ ತೂಗಾಡುವ ಬಿಳಿಯ ಹಾಯಿನೌಕೆಗಳನ್ನು ಕಂಡೇ ಇರುತ್ತಾರೆ. 1846ರಲ್ಲಿ ಸ್ಥಾಪಿತವಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬು ಅಲ್ಲೇ ಸಮೀಪದಲ್ಲಿದೆ. “ಅದು ಸಿರಿವಂತರ ವಿಹಾರ, ಡೊಂಬಿವಲಿ, ಮುಲುಂಡಗಳಲ್ಲಿ ಎರಡು ಕೋಣೆಯ ಸಂಸಾರ ನಡೆಸುವ ನಮಗೆ ಅದರಿಂದ ಆಗಬೇಕಾದದ್ದೇನು?” ಎಂದು ವಾಚಕರು ಕೇಳಬಹುದು. ಆ ನೌಕೆಗಳ ಒಡೆಯರನ್ನೂ ನಮ್ಮನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಕಷ್ಟವೊಂದಿದೆ. ಅದೇ ಕಿಟಕಿ ಸೋರುವುದು. ಅವರು ಅದಕ್ಕೆ ಮಾಡುವ ಉಪಾಯವನ್ನು ನಾವೂ ಅರಿತರೆ ಮಳೆಗಾಲ ಸುಗಮವಾದೀತು.

ನೌಕೆಯ ಕೋಣೆಗೆ ಹಾಕುವ ಕಿಟಕಿ ಬಹುಮಟ್ಟಿಗೆ ಗಾಜಿನದಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನದು. ಅದು ಬಿಸಿಲಿಗೆ ಹಿಗ್ಗುವ ವಸ್ತು. ಒಂದು ಮೀಟರು ಉದ್ದದ ಹಲಗೆ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರು ಬೆಳೆಯುತ್ತದೆ; ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟು ಅದರ ಮೂರನೆಯ ಒಂದು ಪಾಲು ಮಾತ್ರ ಬೆಳೆಯುತ್ತದೆ. ರಾತ್ರಿ ತಣಿದಾಗ ಎರಡೂ ಕುಗ್ಗುತ್ತವೆ. ಅಲೆಗಳ ಮೇಲೆ ನೌಕೆಯ ಮೈಯೂ ತುಸು ತಿರುಚಿಕೊಳ್ಳುತ್ತದೆ. ಈ ಎಳೆದಾಟವನ್ನೆಲ್ಲ ತಾಳಬೇಕಾದದ್ದು ನಡುವೆ ಇರುವ ಅಂಟು, ಅಂಗಡಿಯವರ ಮಾತಿನಲ್ಲಿ ಸೀಲೆಂಟು. ವರ್ಷಗಳು ಕಳೆದಂತೆ ಅದು ಬಿರುಸಾಗಿ ಬಿಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಸಂದಿ ಸಿಕ್ಕಿದರೆ ನೀರಿಗೆ ಅದೇ ಹೆದ್ದಾರಿ.

ಇಲ್ಲಿ ಕಣ್ಣಿಗೆ ಮೋಸವಾಗುವುದೇ ಹೆಚ್ಚು. ಹನಿ ಬೀಳುವ ಜಾಗದಲ್ಲೇ ನೀರು ಒಳಹೊಕ್ಕಿರಬೇಕೆಂಬ ನಿಯಮವಿಲ್ಲ. ಮೇಲಿನ ಅಟ್ಟಣೆಯ ಯಾವುದೋ ತಿರುಪಿನ ತೂತಿನಿಂದ ಇಳಿದ ನೀರು ಒಳಹೊದಿಕೆಯ ಹಿಂದೆ ಹರಿದು, ಎರಡು ಮಾರು ಆಚೆ ಕಿಟಕಿಯ ಮೂಲೆಯಲ್ಲಿ ತೊಟ್ಟಿಕ್ಕೀತು. ಜೂನ್ ಹತ್ತಿರವಾದಂತೆ ಇಲ್ಲಿಯ ನೌಕೆಗಳನ್ನು ದಡಕ್ಕೆ ಏರಿಸಿ ಮುಚ್ಚಿಡುವುದು ವಾಡಿಕೆ. ಆಗ ಒಳಗೆ ಇಳಿಯುವ ನೀರನ್ನು ಕಾಣುವವರಿಲ್ಲ. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರ ಮರ ಇಟ್ಟು ಕಟ್ಟಿದ ನೌಕೆಯಾದರೆ ಆ ಮರ ಸದ್ದಿಲ್ಲದೆ ಕೊಳೆಯುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ.

ಆದುದರಿಂದ ಬಲ್ಲವರು ಮೊದಲು ಸೋರುವ ಜಾಗವನ್ನು ಹುಡುಕುತ್ತಾರೆ. ಒಳಗಡೆ ಚೌಕಟ್ಟಿನ ಸುತ್ತ ಒಣ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರುತ್ತಾರೆ. ಹೊರಗಿನಿಂದ ಒಬ್ಬರು ಕೊಳವೆಯಿಂದ ಮೆಲ್ಲಗೆ ನೀರು ಬಿಡುತ್ತಾರೆ. ಕೆಳ ಅಂಚಿನಿಂದ ಆರಂಭಿಸಿ, ಪ್ರತಿ ಜಾಗದಲ್ಲೂ ಐದಾರು ನಿಮಿಷ ನಿಂತು, ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಕಡೆ ಒಮ್ಮೆಗೇ ಒದ್ದೆಯಾಗಿ ಏನೂ ತಿಳಿಯದು. ಪುಡಿಯಲ್ಲಿ ಮೊದಲ ಗೆರೆ ಮೂಡಿದ್ದು ಎಲ್ಲಿ ಎಂಬುದನ್ನು ಒಳಗಿನವರು ಗುರುತು ಹಾಕಿಕೊಳ್ಳುತ್ತಾರೆ.

ಜಾಗ ಸಿಕ್ಕ ಮೇಲೆ ಹೊರಗಿನಿಂದ ಒಂದು ಟ್ಯೂಬು ಸಿಲಿಕೋನ್ ಮೆತ್ತಿ ಕೈತೊಳೆದುಕೊಳ್ಳುವ ಆಸೆ ಸಹಜ. ಅದು ರಿಪೇರಿಯಲ್ಲ, ವಾಯಿದೆ ಮಾತ್ರ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಕಿಟಕಿಯನ್ನು ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು, ಸಾಬೂನು ನೀರಿನಿಂದ ತೊಳೆದು ಒಣಗಿಸಬೇಕು. ಥಿನ್ನರ್, ಅಸಿಟೋನ್ ತಾಗಿಸಬಾರದು. ಅಕ್ರಿಲಿಕ್ಕಿನಲ್ಲಿ ಸಣ್ಣ ಬಿರುಕುಗಳು ಏಳುತ್ತವೆ. ತಿರುಪಿನ ತೂತುಗಳು ತಿರುಪಿಗಿಂತ ತುಸು ದೊಡ್ಡದಾಗಿರಲಿ, ಹಲಗೆ ಹಿಗ್ಗಲು ಎಡೆ ಬೇಕು. ಹೊಸ ಅಂಟು 2-3 ಮಿಲಿಮೀಟರು ದಪ್ಪ ಉಳಿಯುವಂತೆ ಹಗುರವಾಗಿ ಬಿಗಿಯಬೇಕು. ಬಲ ಹಾಕಿ ತಿರುಗಿಸಿದರೆ ಅಂಟೆಲ್ಲ ಹೊರಗೆ ಬಂದು, ಹಿಗ್ಗಿ ಕುಗ್ಗಲು ಒಳಗೆ ಏನೂ ಉಳಿಯದು.

ಇಷ್ಟೆಲ್ಲ ಶ್ರಮವೇಕೆ ಎನ್ನುವವರು ಸಮುದ್ರದ ನಡುವಿನ ಸ್ಥಿತಿಯನ್ನು ಯೋಚಿಸಬೇಕು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿಯವರು 2012ರ ನವೆಂಬರ್ 1ರಂದು ಇದೇ ಮುಂಬಯಿಯಿಂದ, ಗೋವೆಯಲ್ಲಿ ಕಟ್ಟಿದ ‘ಮಹಾದೇಯಿ’ ನೌಕೆಯಲ್ಲಿ ಒಬ್ಬರೇ ಹೊರಟರು. ಎಲ್ಲಿಯೂ ದಡ ಮುಟ್ಟದೆ ಭೂಮಿಯನ್ನು ಸುತ್ತಿ 2013ರ ಮಾರ್ಚ್ 31ರಂದು ಮರಳಿದರು. ಐದು ತಿಂಗಳು ಒಣ ಹಾಸಿಗೆ, ಒಣ ವಿದ್ಯುತ್ ತಂತಿ, ಒಣ ಆಹಾರ, ಇವೆಲ್ಲ ಹೊರಡುವ ಮುನ್ನ ದಡದಲ್ಲಿ ಮಾಡಿದ ಕೆಲಸವನ್ನೇ ನಂಬಿರುತ್ತವೆ.

ಈಗ ನಮ್ಮ ಮನೆಗೆ ಬರೋಣ. ನಮ್ಮದು ತೇಲುವ ಮನೆಯಲ್ಲ, ಆದರೆ 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ಊರಿನಲ್ಲಿ ಆ ಭೇದ ದೊಡ್ಡದಲ್ಲ. ಜಾರು ಕಿಟಕಿಯ ಕೆಳಪಟ್ಟಿಯಲ್ಲಿ ನೀರು ಹೊರಹೋಗಲು ಚಿಕ್ಕ ತೂತುಗಳಿರುತ್ತವೆ; ಧೂಳು ತುಂಬಿದರೆ ನೀರು ಕೋಣೆಗೇ ಇಳಿಯುತ್ತದೆ. ಒಂದು ಕಡ್ಡಿಯಿಂದ ಅವನ್ನು ಬಿಡಿಸಿದರೆ ಅರ್ಧ ಸೋರಿಕೆ ನಿಲ್ಲಬಹುದು. ಕಂಬಿಯ ಜಾಲರಿಯ ಬೋಲ್ಟು ಗೋಡೆಯನ್ನು ಹೊಗುವ ಜಾಗವನ್ನೂ ನೋಡಿರಿ. ಅಂಟು ಹಾಕುವುದಿದ್ದರೆ ಮೇ ತಿಂಗಳಲ್ಲೇ, ಊರಿಗೆ ಹೊರಡುವ ಮುನ್ನ ಆಗಬೇಕು. ಒದ್ದೆ ಗೋಡೆಗೆ ಅದು ಹಿಡಿಯದು.

ಇನ್ನೊಂದು ಮಾತು. ಗೋಡೆಯಲ್ಲಿ ಒದ್ದೆ ಕಂಡ ಕೂಡಲೆ ಮೇಲಿನ ಮನೆಯವರ ಬಚ್ಚಲಿನ ಮೇಲೆ ದೂರು ಹೊರಿಸಿ, ಸೊಸೈಟಿಯ ಸಭೆಯಲ್ಲಿ ಗದ್ದಲವಾಗಿ, ಹತ್ತು ವರ್ಷದ ನೆರೆಹೊರೆ ಮುರಿದುಬೀಳುವುದನ್ನು ನಾವು ಉಪನಗರಗಳಲ್ಲಿ ಕಾಣುತ್ತಲೇ ಇದ್ದೇವೆ. ಊರು ಬಿಟ್ಟು ಬಂದವರಿಗೆ ನೆರೆಯವರೇ ನೆಂಟರು. ಅಡಚಣೆಯ ರಾತ್ರಿ ಬಾಗಿಲು ತಟ್ಟಬೇಕಾದದ್ದು ಅವರದ್ದನ್ನೇ. ದೂರು ಕೊಡುವ ಮೊದಲು ಸೀಮೆಸುಣ್ಣದ ಪುಡಿಯನ್ನೂ ಒಂದು ಬಾಲ್ದಿ ನೀರನ್ನೂ ತೆಗೆದುಕೊಂಡು, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದು, ಕಿಟಕಿಯನ್ನು ಪರೀಕ್ಷಿಸಿರಿ. ತಪ್ಪು ನಮ್ಮ ಕಿಟಕಿಯದೇ ಆಗಿದ್ದರೆ ಜಗಳ ಉಳಿಯಿತು. ಅವರ ಬಚ್ಚಲಿನದೇ ಆಗಿದ್ದರೆ ಅವರೂ ಕಣ್ಣಾರೆ ಕಂಡು ಒಪ್ಪಿಯಾರು.