ಗ್ರಾಂ ಲೆಕ್ಕದ ಭಕ್ತರಿಗೆ

ಕಳೆದ ವಾರ ನಮ್ಮ ಬಿ.ಇ. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಎಚ್‌ಎಸ್‌ಆರ್ ಲೇಔಟಿನ ಫ್ಲಾಟಿನಲ್ಲಿ, ಸೋಫಾಕ್ಕೆ ಒರಗಿಸಿಟ್ಟ ಒಂದು ಜೊತೆ ಸ್ಕೀ. ಕೆಳಗೆ ಗೆಳೆಯ ಬರೆದಿದ್ದ: "ಫುಲ್ ಕಾರ್ಬನ್ ಮಗಾ. ಒಂದೊಂದು ಬರೀ 990 ಗ್ರಾಂ. ಜನವರಿಲಿ ಗುಲ್ಮಾರ್ಗ್." ಹದಿನೇಳು ಜನ ಬೆಂಕಿ ಎಮೋಜಿ ಒತ್ತಿದ್ರು. ನಾನು ಏನೂ ಒತ್ತಲಿಲ್ಲ. ನನ್ನ ಬಲ ಮಂಡಿಗೆ ಈ 990 ಗ್ರಾಂ ಭಾಷೆ ಚೆನ್ನಾಗಿ ಗೊತ್ತು.

ಮ್ಯೂನಿಕ್‌ನಲ್ಲಿ ಮೂರು ಚಳಿಗಾಲ ಕೆಲಸ ಮಾಡಿದವನು ನಾನು. ಅಲ್ಲಿ ಶನಿವಾರ ಬಂತು ಅಂದ್ರೆ ಅರ್ಧ ಆಫೀಸು ಬೆಟ್ಟದಲ್ಲಿರುತ್ತೆ. ಅವರ ಜೊತೆ ಸೇರಿ ನಾನೂ ಟೂರಿಂಗ್ ಸ್ಕೀ ಕಲಿತೆ. ಇದು ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಜಾರೋ ಆಟ ಅಲ್ಲ. ಸ್ಕೀ ತಳಕ್ಕೆ ಒಮ್ಮುಖ ಕೂದಲಿನ ಪಟ್ಟಿ ಅಂಟಿಸಿ, ಹಿಮ್ಮಡಿ ಬಿಡಿಸಿಕೊಂಡು, ಹಿಮದಲ್ಲಿ ಎರಡು ಮೂರು ಗಂಟೆ ಹತ್ತಬೇಕು. ಆಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು, ಇಳಿಯಬೇಕು. ಹತ್ತೋದು ಜಾಸ್ತಿ ಹೊತ್ತು, ಆದ್ದರಿಂದ ಹಗುರ ಬೇಕು. ಇಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಆ "ಫುಲ್ ಕಾರ್ಬನ್" ಅನ್ನೋ ಮಾತಿನ ಮೇಲೆ. ಸ್ವಾಮಿ, ನಿಮ್ಮ ಸ್ಕೀಯನ್ನ ಅಡ್ಡ ಕೊಯ್ದು ನೋಡಿ, ಒಳಗೆ ಕಾಣೋದು ಮರ. ತಳದಲ್ಲಿ ಪಾಲಿಎಥಿಲೀನ್ ಹಾಳೆ, ಎರಡೂ ಪಕ್ಕಕ್ಕೆ ಉಕ್ಕಿನ ಅಂಚು, ಅಂಚಿನ ಮೇಲೆ ತೆಳು ರಬ್ಬರ್ ಪಟ್ಟಿ, ಅದರ ಮೇಲೆ ಗಾಜಿನ ನಾರೋ ಕಾರ್ಬನ್ ನಾರೋ, ನಡುವೆ ಮರದ ತಿರುಳು, ಮತ್ತೆ ನಾರು, ಮೇಲೊಂದು ಬಣ್ಣದ ಹಾಳೆ. ಎಲ್ಲದಕ್ಕೂ ಎಪಾಕ್ಸಿ ಬಳಿದು, ಅಚ್ಚಿನಲ್ಲಿಟ್ಟು, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಒಂಥರಾ ಸ್ಯಾಂಡ್‌ವಿಚ್. ಹಾಗಂತಲೇ ಅದನ್ನ ಕರೆಯೋದು.

ಇದರಲ್ಲಿ ಮರದ ಕೆಲಸ ಏನು? ಮೇಲಿನ ನಾರನ್ನೂ ಕೆಳಗಿನ ನಾರನ್ನೂ ದೂರ ಇಡೋದು. ಹಲಗೆ ಬಾಗದೆ ನಿಲ್ಲೋ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ದಪ್ಪ ಎರಡು ಪಟ್ಟಾದ್ರೆ ಬಿಗಿ ಎಂಟು ಪಟ್ಟು. ಎರಡನೇ ಸೆಮಿಸ್ಟರಿನಲ್ಲಿ ನಿದ್ದೆ ಮಾಡ್ತಾ ಕಲಿತದ್ದು ಇದೇ. ಹಾಗಾಗಿ ನಡುವೆ ಹಗುರ ಮರ ತುಂಬಿ ದಪ್ಪ ಉಳಿಸಿಕೊಂಡರೆ ತೂಕ ಇಳಿಯುತ್ತೆ, ಬಿಗಿ ಉಳಿಯುತ್ತೆ. ಆಶ್ ಮರ ಘನ ಮೀಟರಿಗೆ ಸುಮಾರು 650 ಕೆಜಿ ತೂಗುತ್ತೆ, ಪಾಪ್ಲರ್ 400ರ ಆಸುಪಾಸು, ಪೌಲೋನಿಯಾ 300ರೊಳಗೆ, ಬಾಲ್ಸಾ ಅದರ ಅರ್ಧದಷ್ಟು. ಹಗುರ ಟೂರಿಂಗ್ ಸ್ಕೀಗಳಲ್ಲಿ ಪೌಲೋನಿಯಾದ ರಾಜ್ಯಭಾರ. ಅಂದ್ರೆ ನಿಮ್ಮ ಕಾರ್ಬನ್ ಸ್ಕೀಯ ಹಗುರದಲ್ಲಿ ದೊಡ್ಡ ಪಾಲು ಒಂದು ಮೆದು ಮರದ್ದು. ಕಾರ್ಬನ್ನಿಗೂ ಪಾಲಿದೆ: ಅದು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕವೂ ಕಡಿಮೆ. ಆದರೆ ನಡುವೆ ಎರಡು ಬೆರಳಗಲದ ಕಾರ್ಬನ್ ಪಟ್ಟಿ ಹಾಯಿಸಿದ್ದಕ್ಕೂ ಮೇಲೆ ದೊಡ್ಡಕ್ಷರದಲ್ಲಿ "ಕಾರ್ಬನ್" ಅಂತಲೇ ಅಚ್ಚು ಹಾಕ್ತಾರೆ. ಮರದ ಹೆಸರು ಅಚ್ಚು ಹಾಕೋಕೆ ಮಾತ್ರ ಯಾಕೋ ನಾಚಿಕೆ.

ನಮ್ಮೂರಲ್ಲಿ ತಾತ ಒಮ್ಮೆ ಆಚಾರಿ ಹತ್ರ ಹೊಸ ನೇಗಿಲು ಮಾಡಿಸ್ತಿದ್ದರು. ನಾನು ಪಕ್ಕದಲ್ಲಿ ಚಕ್ಕೆ ಆರಿಸ್ತಾ ಕೂತಿದ್ದೆ. ಎತ್ತಿಗೆ ವಯಸ್ಸಾಗಿತ್ತು, ಅದಕ್ಕೆ ತಾತ "ಸ್ವಲ್ಪ ಹಗುರ ಮಾಡ್ಕೊಡಪ್ಪಾ" ಅಂದರು. ಆಚಾರಿ ಬಾಚಿ ಕೆಳಗಿಟ್ಟು, "ಯಜಮಾನ್ರೇ, ನೊಗ ಎಷ್ಟು ಬೇಕಾದ್ರೂ ಹಗುರ ಮಾಡ್ತೀನಿ. ನೇಗಿಲು ಹಗುರ ಮಾಡಿದ್ರೆ ನೆಲದ ಮೇಲೆ ತೇಲಾಡ್ತದೆ, ಹಿಡಿದೋನ ರಟ್ಟೆ ಬೀಳ್ತದೆ" ಅಂದ. ನೇಗಿಲಿಗೆ ಕರಿಜಾಲಿ ಬಿಟ್ಟು ಬೇರೆ ಮರ ಆತ ಮುಟ್ಟಲಿಲ್ಲ.

ನನಗೆ ಸ್ಕೀ ಮಾರಿದ ಅಂಗಡಿಯವನು ಆ ಆಚಾರಿ ಆಗಿರಲಿಲ್ಲ. ತಕ್ಕಡಿ ಮೇಲಿಟ್ಟು ತೋರಿಸಿದ. ಒಂದೊಂದು ಸಾವಿರದ ಐವತ್ತು ಗ್ರಾಂ. ನಾನೂ ಎಂಜಿನಿಯರ್ ಅಲ್ವಾ, ಅಂಕಿ ಕಂಡ ಕೂಡಲೇ ಕಾರ್ಡ್ ತೆಗೆದೆ. ಮಾರ್ಚಿನ ಒಂದು ಬೆಳಿಗ್ಗೆ ಹಿರ್ಷ್‌ಬರ್ಗ್ ಹತ್ತಿದೆವು. ಟೆಗರ್ನ್‌ಸೀ ಕೆರೆ ಕಡೆಯ ಬೆಟ್ಟ, ಸುಮಾರು ಒಂಬೈನೂರು ಮೀಟರ್ ಏರು. ಏರುವಾಗ ನಾನೇ ಮುಂದೆ, ಹಕ್ಕಿ ಥರಾ. ಇಳಿಯುವಾಗ ಹಿಂದಿನ ದಿನ ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಉಳುಮೆ ಸಾಲಿನಂತೆ ನಿಂತಿತ್ತು. ಭಾರದ ಸ್ಕೀ ಅಂಥ ಸಾಲನ್ನ ಒಡೆದುಕೊಂಡು ಹೋಗುತ್ತೆ, ನಡುಕವನ್ನೂ ನುಂಗಿಕೊಳ್ಳುತ್ತೆ. ನನ್ನದು ಪ್ರತಿ ಸಾಲಿಗೂ ಪುಟಿದು ಪಕ್ಕಕ್ಕೆ ತಿರುಗ್ತಿತ್ತು, ಕಡಕಡ ಅಂತ ಹಲ್ಲು ಕಡಿದಂಗೆ. ಐದನೇ ತಿರುವಿನಲ್ಲಿ ನಾನೊಂದು ಕಡೆ, ಮಂಡಿ ಇನ್ನೊಂದು ಕಡೆ. ಆ ತೇಲಾಟ ಏನು ಅಂತ ಆಚಾರಿ ಮಾತು ಅರ್ಥವಾಗೋಕೆ ಇಪ್ಪತ್ತು ವರ್ಷ ಬೇಕಾಯ್ತು.

"ನಿಂಗೆ ಸ್ಕೀ ಬರಲ್ಲ ಅಂತ ಹೇಳು" ಅಂತೀರಿ. ಒಪ್ಪಿದೆ. ಪಳಗಿದವರು 700 ಗ್ರಾಂ ಸ್ಪರ್ಧೆಯ ಸ್ಕೀಯಲ್ಲೂ ಹೂವಿನಂತೆ ಇಳೀತಾರೆ. ಈಗ ಈ ಏರಿಳಿತದ ಆಟ 2026ರ ಮಿಲಾನೊ ಕೊರ್ಟಿನಾ ಒಲಿಂಪಿಕ್ಸ್‌ಗೂ ಸೇರಿದೆ. ಅವರಿಗೆ ಗ್ರಾಂ ಲೆಕ್ಕ ಬೇಕು, ಸೆಕೆಂಡ್ ಲೆಕ್ಕದಲ್ಲಿ ಬದುಕುವವರು. ಆದರೆ ವರ್ಷಕ್ಕೆ ಆರು ದಿನ ಬೆಟ್ಟಕ್ಕೆ ಹೋಗೋ ನನ್ನಂಥವನಿಗೆ, ನಿಮ್ಮಂಥವರಿಗೆ, ಅದೇ ಪಂಥದ ಸ್ಕೀಯನ್ನ "ಹೆಚ್ಚು ಮುಂದುವರಿದದ್ದು" ಅಂತ ಹೆಚ್ಚು ದುಡ್ಡಿಗೆ ಮಾರೋದು ಇದೆಯಲ್ಲ, ನನ್ನ ಜಗಳ ಅದರ ಜೊತೆ. ಮೂರು ಗಂಟೆ ಏರು, ಇಪ್ಪತ್ತು ನಿಮಿಷ ಇಳಿಜಾರು, ಹಾಗಾಗಿ ಏರಿಗೇ ಸ್ಕೀ ಕಟ್ಟಬೇಕು ಅನ್ನೋ ವಾದ ಕೇಳಿ ಕೇಳಿ ಸಾಕಾಗಿದೆ. ಮೂಳೆ ಮುರಿಯೋದು ಆ ಇಪ್ಪತ್ತು ನಿಮಿಷದಲ್ಲಿ ಕಣ್ರೀ. ಮೇಲಾಗಿ ಏರುವಾಗ ಸ್ಕೀಯನ್ನ ಎತ್ತಿಡೋದಿಲ್ಲ, ಹಿಮದ ಮೇಲೆ ಜಾರಿಸಿಕೊಂಡು ಹೋಗ್ತೀವಿ. ಪ್ರತಿ ಹೆಜ್ಜೆಗೂ ನಿಜವಾಗಿ ಎತ್ತೋದು ಬೂಟನ್ನ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ತೆಲ್ 1980ರ ದಶಕದಲ್ಲಿ ಬೂಟಿನ ತುದಿಯನ್ನ ಎರಡು ಪಿನ್ನುಗಳ ನಡುವೆ ಹಿಡಿಯೋ ಕಟ್ಟು ಕಂಡುಹಿಡಿದನಲ್ಲ, ಅದು ಜಾಣತನದ ಹಗುರ. ಅದರಿಂದ ಹಿಮ್ಮಡಿ ಜೊತೆ ಕಬ್ಬಿಣದ ಚೌಕಟ್ಟನ್ನೂ ಎತ್ತೋ ಕರ್ಮ ತಪ್ಪಿತು. ಅದು ನೊಗ ಹಗುರ ಮಾಡಿದಂಗೆ.

ಹಾಗಾದ್ರೆ 1,400 ಗ್ರಾಮಿನ ಸ್ಕೀ 1,000ಕ್ಕೆ ಇಳಿಯೋದು ಹೇಗೆ? ಮೆದು ಮರ ಒಂದು ದಾರಿ. ಉಳಿದದ್ದು ಕೆರೆದು ತೆಗೆದದ್ದು. ಉಕ್ಕಿನ ಅಂಚು ತೆಳು ಮಾಡ್ತಾರೆ; ಕಲ್ಲಿಗೆ ತಗುಲಿದ್ರೆ ಕಿತ್ತು ಬರುತ್ತೆ, ಎಷ್ಟೋ ಸಲ ಮಸೆಯೋಕೂ ಉಳಿಯಲ್ಲ. ತಳದ ಹಾಳೆ ತೆಳು ಮಾಡ್ತಾರೆ. ಗೀರು ಬಿದ್ರೆ ನೇರ ತಿರುಳು ಕಾಣುತ್ತೆ. ಪಕ್ಕದ ಗಟ್ಟಿ ಪ್ಲಾಸ್ಟಿಕ್ ಗೋಡೆಯನ್ನ ಅರ್ಧ ತೆಗೆದು ಮೇಲಿನ ಹಾಳೆಯನ್ನೇ ಕೆಳಗೆ ಮಡಚ್ತಾರೆ. ಎಲ್ಲಕ್ಕಿಂತ ಮುಖ್ಯ, ಬೂಟಿನ ಕಟ್ಟು ಕೂರೋ ಜಾಗ. ಮೆದು ಮರದಲ್ಲಿ ಸ್ಕ್ರೂ ನಿಲ್ಲಲ್ಲ ಅಂತ ಬಡಗಿ ಮನೆ ಮಗುವಿಗೂ ಗೊತ್ತು. ಒಳ್ಳೆ ತಯಾರಕರು ಅಲ್ಲಿ ಬೀಚ್ ಮರದ ಪಟ್ಟಿಯನ್ನೋ ಟೈಟಾನಲ್ ತಗಡನ್ನೋ ಇಡ್ತಾರೆ. (ಟೈಟಾನಲ್ ಅಂದ್ರೆ ಟೈಟಾನಿಯಂ ಅಲ್ಲ, ಅಲ್ಯುಮಿನಿಯಂ ಮಿಶ್ರಲೋಹ. ಈ ಧಂದೆಯಲ್ಲಿ ಹೆಸರಿಡೋದೂ ಒಂದು ಕಲೆ.) ಆ ತಗಡಿನಲ್ಲಿ ಕೈಯಿಟ್ಟು ಗ್ರಾಂ ಉಳಿಸಿದ್ರೆ, ಒಂದು ದಿನ ಬೆಟ್ಟದ ತುದೀಲಿ ಕಟ್ಟು ಸ್ಕ್ರೂ ಸಮೇತ ಕೈಗೆ ಬರುತ್ತೆ.

1940ರ ದಶಕದ ಕೊನೆಯಲ್ಲಿ ಹೋವರ್ಡ್ ಹೆಡ್ ಅಂತ ಅಮೆರಿಕದ ವಿಮಾನ ಎಂಜಿನಿಯರ್ ಒಬ್ಬ ಇದೇ ಹಗುರದ ಹುಚ್ಚಿಗೆ ಬಿದ್ದಿದ್ದ. ಅಲ್ಯುಮಿನಿಯಂ ಹಾಳೆಗಳ ನಡುವೆ ಜೇನುಗೂಡಿನಂಥ ತಿರುಳಿಟ್ಟು ಸ್ಕೀ ಮಾಡಿದ. ಮುರಿದವು. ಮತ್ತೆ ಮಾಡಿದ, ಮತ್ತೆ ಮುರಿದವು. ಒಳಗೆ ಪ್ಲೈವುಡ್, ಅಂಚಿಗೆ ಉಕ್ಕು ಬಂದ ಮೇಲೆ ನಿಂತವು. ಮರದ ಸ್ಕೀಯನ್ನ ಸೋಲಿಸೋಕೆ ಹೊರಟವನು ಮರವನ್ನೇ ಒಳಗೆ ಕರೆದುಕೊಂಡ. ಅವನಿಗೆ ಅದರಲ್ಲಿ ಅವಮಾನ ಕಾಣಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ತೂಕ ಅಚ್ಚು ಹಾಕೋ ಜಾಗದಲ್ಲೇ ಅಂಚಿನ ದಪ್ಪ, ತಳದ ದಪ್ಪ, ತಿರುಳಿನ ಮರ, ಕಟ್ಟಿನ ಕೆಳಗೆ ಏನಿದೆ ಅನ್ನೋದನ್ನೂ ಅಚ್ಚು ಹಾಕಲಿ. ಬಿಸ್ಕತ್ ಪ್ಯಾಕಿನ ಮೇಲೆ ಎಣ್ಣೆ ಯಾವುದು ಅಂತ ಬರೀತಾರಪ್ಪ, ಪ್ರಾಣ ಹೊತ್ತುಕೊಂಡು ಇಳಿಯೋ ಹಲಗೆ ಮೇಲೆ ಬರೆಯೋಕೇನು ರೋಗ?

ಗೆಳೆಯನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಮಂಡಿ ಕಥೆ ಹೇಳಿದೆ, ನಕ್ಕ. ಕಟ್ಟು ಕೂರಿಸೋ ಜಾಗದಲ್ಲಿ ಒಳಗೆ ಯಾವ ಮರ, ತಗಡು ಇದೆಯಾ ನೋಡು ಅಂದೆ. ಲ್ಯಾಪ್‌ಟಾಪ್ ತೆಗೆದ ಸದ್ದು ಕೇಳಿಸ್ತು. ಐದು ನಿಮಿಷ ಹುಡುಕಿದ.

"ಅದೆಲ್ಲ ಹಾಕಿಲ್ಲ ಮಗಾ," ಅಂದ. "ತೂಕ ಮಾತ್ರ ಇದೆ."